ತೂಕದ ಯಂತ್ರಕ್ಕೆ ಕೊಬ್ಬು ಕಾಣುವುದಿಲ್ಲ

ಎರಡನೇ ಪಿಯುಸಿ ಓದುತ್ತಿರುವ ಹುಡುಗನೊಬ್ಬನನ್ನು ಊಹಿಸಿಕೊಳ್ಳಿ. ವರ್ಷವಿಡೀ ಗಣಿತ, ಇಂಗ್ಲಿಷು, ಸಾಮಾನ್ಯ ಜ್ಞಾನ ಎಂದು ಕುಳಿತು ಓದಿ, ಕೇಂದ್ರ ಲೋಕಸೇವಾ ಆಯೋಗ ನಡೆಸುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ 900 ಅಂಕಗಳ ಲಿಖಿತ ಪರೀಕ್ಷೆಯನ್ನು ದಾಟುತ್ತಾನೆ. ಐದು ದಿನ ನಡೆಯುವ ಸೇನಾ ಆಯ್ಕೆ ಮಂಡಳಿಯ ಸಂದರ್ಶನದಲ್ಲೂ ಗೆಲ್ಲುತ್ತಾನೆ. ಮನೆಗೆ ಫೋನು ಮಾಡಿ "ಆಯ್ಕೆ ಆಯ್ತಪ್ಪಾ" ಎನ್ನುತ್ತಾನೆ. ಬೀದಿಗೆಲ್ಲ ಸುದ್ದಿ ಮುಟ್ಟುತ್ತದೆ. ಅದಾದ ಕೆಲವೇ ದಿನಗಳಲ್ಲಿ ಸೇನಾ ಆಸ್ಪತ್ರೆಯ ವೈದ್ಯಕೀಯ ತಪಾಸಣೆ. ಹುಡುಗ ತೂಕದ ಯಂತ್ರದ ಮೇಲೆ ನಿಲ್ಲುತ್ತಾನೆ. ಎತ್ತರ 170 ಸೆ.ಮೀ., ತೂಕ 68 ಕಿಲೋ. ಎದುರಿಗಿರುವ ಪಟ್ಟಿಯಲ್ಲಿ ಆ ಎತ್ತರಕ್ಕೆ, ಆ ವಯಸ್ಸಿಗೆ ಬರೆದಿರುವ ಗರಿಷ್ಠ ತೂಕ 63.6 ಕಿಲೋ. ವೈದ್ಯರು ಕಾಗದದ ಮೇಲೆ "ಅಧಿಕ ತೂಕ, ಸದ್ಯಕ್ಕೆ ಅನರ್ಹ" ಎಂದು ಬರೆಯುತ್ತಾರೆ.

ಇದು ಯಾರೋ ಒಬ್ಬನ ಕತೆಯಲ್ಲ. ಸೇನಾ ಅಧಿಕಾರಿಯಾಗುವ ಕನಸು ಹೊತ್ತ ಮಕ್ಕಳಿಗೆ ಎದುರಾಗಬಹುದಾದ ಅಡ್ಡಿಗಳಲ್ಲಿ ಇದೂ ಒಂದು. ಪುಸ್ತಕಕ್ಕೆ ಎರಡು ವರ್ಷ ಕೊಟ್ಟ ಮನೆಯವರು ದೇಹದ ಕಡೆ ಎರಡು ವಾರವೂ ನೋಡಿರುವುದಿಲ್ಲ. ಎಡವಿದ ಮೇಲೆ ಮಾಡುವ ಪ್ರಯತ್ನಗಳಂತೂ ಕೆಲವೊಮ್ಮೆ ಜೀವಕ್ಕೇ ಅಪಾಯ ತರುವಂಥವು. ಆದ್ದರಿಂದ ಈ 4.4 ಕಿಲೋ ಎಂದರೇನು, ಸೇನೆ ಅದನ್ನು ಏಕೆ ಬೇಡವೆನ್ನುತ್ತದೆ, ಅದನ್ನು ಕಳೆದುಕೊಳ್ಳುವ ಸರಿಯಾದ ದಾರಿ ಯಾವುದು ಎಂಬುದನ್ನು ವಿದ್ಯಾರ್ಥಿಗಳೂ ಪಾಲಕರೂ ಮೊದಲೇ ತಿಳಿದಿರುವುದು ಒಳ್ಳೆಯದು.

ನೀರಿನಲ್ಲಿ ತೂಗಿದ ಆಟಗಾರರು

ತೂಕದ ಯಂತ್ರಕ್ಕೆ ಗೊತ್ತಿರುವುದು ಒಂದೇ ವಿಷಯ: ಭೂಮಿ ತನ್ನ ಮೇಲಿರುವ ವಸ್ತುವನ್ನು ಎಷ್ಟು ಬಲದಿಂದ ಎಳೆಯುತ್ತಿದೆ ಎಂಬುದು. ಆ ವಸ್ತುವಿನಲ್ಲಿ ಮೂಳೆ ಎಷ್ಟು, ಸ್ನಾಯು ಎಷ್ಟು, ನೀರೆಷ್ಟು, ಕೊಬ್ಬೆಷ್ಟು ಎಂದು ಅದು ಹೇಳಲಾರದು. ಈ ಕೊರತೆಯನ್ನು ಸ್ಪಷ್ಟವಾಗಿ ತೋರಿಸಿಕೊಟ್ಟವರು ಅಮೆರಿಕದ ನೌಕಾಪಡೆಯ ವೈದ್ಯ ಆಲ್ಬರ್ಟ್ ಬೆನ್ಕಿ. ಇವರು ಮುಳುಗುಗಾರರ ಆರೋಗ್ಯವನ್ನು ಕುರಿತು ಅಧ್ಯಯನ ಮಾಡುತ್ತಿದ್ದವರು. ಆಳ ನೀರಿನಲ್ಲಿ ಒತ್ತಡ ಹೆಚ್ಚಿದಾಗ ಉಸಿರಿನಲ್ಲಿರುವ ಸಾರಜನಕ ದೇಹದಲ್ಲಿ ಕರಗುತ್ತದೆ. ಕೊಬ್ಬಿನಲ್ಲಿ ಅದು ನೀರಿನಲ್ಲಿ ಕರಗುವುದಕ್ಕಿಂತ ಬಹಳ ಹೆಚ್ಚು ಕರಗುತ್ತದೆ. ಹೀಗಾಗಿ ಒಬ್ಬ ಮುಳುಗುಗಾರನ ಮೈಯಲ್ಲಿ ಕೊಬ್ಬು ಎಷ್ಟಿದೆ ಎಂದು ತಿಳಿಯುವುದು ಬೆನ್ಕಿ ಅವರಿಗೆ ಅಗತ್ಯವಾಯಿತು.

ಅವರು ಹಿಡಿದ ದಾರಿ ನಮ್ಮ ಪ್ರೌಢಶಾಲೆಯ ಪಾಠದಲ್ಲೇ ಇದೆ. ಅದು ಆರ್ಕಿಮಿಡೀಸನ ತತ್ವ. ಮಜ್ಜಿಗೆ ಕಡೆದಾಗ ಬೆಣ್ಣೆ ಮೇಲಕ್ಕೆ ಬಂದು ತೇಲುತ್ತದೆ, ಏಕೆಂದರೆ ಕೊಬ್ಬಿನ ಸಾಂದ್ರತೆ ನೀರಿಗಿಂತ ಕಡಿಮೆ. ಮನುಷ್ಯನ ಮೈಯ ಕೊಬ್ಬಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 0.9 ಗ್ರಾಂ. ಮೂಳೆ, ಸ್ನಾಯು ಮೊದಲಾದ ಉಳಿದ ಭಾಗದ ಸಾಂದ್ರತೆ ಸರಾಸರಿ 1.1 ಗ್ರಾಂ. ಹಾಗಾದರೆ ಒಬ್ಬನನ್ನು ಒಮ್ಮೆ ಗಾಳಿಯಲ್ಲಿ, ಇನ್ನೊಮ್ಮೆ ಪೂರ್ತಿ ನೀರಿನಲ್ಲಿ ಮುಳುಗಿಸಿ ತೂಗಿದರೆ ಅವನ ಒಟ್ಟು ಸಾಂದ್ರತೆ ಸಿಗುತ್ತದೆ, ಅದರಿಂದ ಕೊಬ್ಬಿನ ಪಾಲೂ ಸಿಗುತ್ತದೆ.

ಈ ಲೆಕ್ಕವನ್ನು ಮಕ್ಕಳೇ ಮಾಡಿ ನೋಡಬಹುದು. 68 ಕಿಲೋ ತೂಗುವ ಇಬ್ಬರು ಹುಡುಗರಿದ್ದಾರೆ. ನೀರಿನೊಳಗೆ ಮೊದಲನೆಯವನ ತೂಕ 4 ಕಿಲೋ, ಎರಡನೆಯವನದು 3 ಕಿಲೋ. ಮೊದಲನೆಯವನು ಸರಿಸಿದ ನೀರು 64 ಲೀಟರು, ಆದ್ದರಿಂದ ಅವನ ಸಾಂದ್ರತೆ 1.0625. ಎರಡನೆಯವನು ಸರಿಸಿದ್ದು 65 ಲೀಟರು, ಸಾಂದ್ರತೆ 1.046. 1956ರಲ್ಲಿ ವಿಲಿಯಂ ಸಿರಿ ಎಂಬ ವಿಜ್ಞಾನಿ ಕೊಟ್ಟ ಸೂತ್ರದ ಪ್ರಕಾರ 495ನ್ನು ಸಾಂದ್ರತೆಯಿಂದ ಭಾಗಿಸಿ 450 ಕಳೆದರೆ ಕೊಬ್ಬಿನ ಶೇಕಡಾ ಪ್ರಮಾಣ ದೊರೆಯುತ್ತದೆ. ಮೊದಲನೆಯವನಿಗೆ ಶೇ. 16, ಎರಡನೆಯವನಿಗೆ ಶೇ. 23. (ಶ್ವಾಸಕೋಶದಲ್ಲಿ ಉಳಿಯುವ ಗಾಳಿಯ ಲೆಕ್ಕವನ್ನು ಸುಲಭಕ್ಕಾಗಿ ಇಲ್ಲಿ ಬಿಟ್ಟಿದೆ, ಪ್ರಯೋಗಾಲಯದಲ್ಲಿ ಅದನ್ನು ಬಿಡುವುದಿಲ್ಲ.) ನೆಲದ ಮೇಲಿನ ಯಂತ್ರ ಇಬ್ಬರನ್ನೂ ಒಂದೇ ಎಂದಿತು. ನೀರು ಮಾತ್ರ ಇಬ್ಬರ ನಡುವಿನ 5 ಕಿಲೋ ಕೊಬ್ಬಿನ ವ್ಯತ್ಯಾಸವನ್ನು ಹೊರಗೆಡಹಿತು.

1942ರಲ್ಲಿ ಬೆನ್ಕಿ ಮತ್ತು ಅವರ ಸಹೋದ್ಯೋಗಿಗಳು 25 ಮಂದಿ ವೃತ್ತಿಪರ ಫುಟ್‌ಬಾಲ್ ಆಟಗಾರರನ್ನು ಹೀಗೆ ಪರೀಕ್ಷಿಸಿದರು. ಅದು ಎರಡನೇ ಮಹಾಯುದ್ಧದ ಕಾಲ. ಅಂದು ಜಾರಿಯಲ್ಲಿದ್ದ ಎತ್ತರ–ತೂಕದ ಪಟ್ಟಿಯಂತೆ ಇವರಲ್ಲಿ 17 ಮಂದಿ "ಅಧಿಕ ತೂಕದವರು", ಸೇನೆಗೆ ಅನರ್ಹರು. ಆದರೆ ನೀರಿನಲ್ಲಿ ತೂಗಿದಾಗ ಅವರ ಮೈಯಲ್ಲಿ ಕೊಬ್ಬು ಕಡಿಮೆಯಿತ್ತು. ತೂಕ ಬಂದಿದ್ದು ಸ್ನಾಯುವಿನಿಂದ. ಆಟದ ಮೈದಾನದಲ್ಲಿ ಎಲ್ಲರಿಗಿಂತ ಗಟ್ಟಿಯಾದವರು ಪಟ್ಟಿಯ ಕಣ್ಣಿಗೆ ನಿರುಪಯೋಗಿಗಳಾಗಿ ಕಂಡಿದ್ದರು. ತೂಕ ಬೇರೆ, ಕೊಬ್ಬು ಬೇರೆ ಎಂಬ ಮಾತಿಗೆ ಅಂದಿನಿಂದ ವೈಜ್ಞಾನಿಕ ಆಧಾರ ಸಿಕ್ಕಿತು.

ಟೇಪು ಹಿಡಿದ ಸೇನೆ

ಸಾವಿರಾರು ಸೈನಿಕರನ್ನು ತೊಟ್ಟಿಯಲ್ಲಿ ಮುಳುಗಿಸಿ ತೂಗುವುದು ಯಾವ ಸೇನೆಗೂ ಸಾಧ್ಯವಿಲ್ಲ. 1981ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ ತನ್ನ ಎಲ್ಲ ಪಡೆಗಳೂ ಕೊಬ್ಬಿನ ಪ್ರಮಾಣವನ್ನೇ ಅಳತೆಗೋಲಾಗಿ ಇಟ್ಟುಕೊಳ್ಳಬೇಕೆಂದು ಆದೇಶಿಸಿತು. ಆಗ ಸುಲಭದ ಉಪಾಯವೊಂದು ಬೇಕಾಯಿತು. 1984ರಲ್ಲಿ ನೌಕಾಪಡೆಯ ಆರೋಗ್ಯ ಸಂಶೋಧನಾ ಕೇಂದ್ರದ ಹಾಜ್‌ಡನ್ ಮತ್ತು ಬೆಕೆಟ್ ಎಂಬಿಬ್ಬರು ದರ್ಜಿಯ ಟೇಪಿನಿಂದಲೇ ಕೊಬ್ಬನ್ನು ಅಂದಾಜು ಮಾಡುವ ಸೂತ್ರವನ್ನು ಪ್ರಕಟಿಸಿದರು. ಗಂಡಸರಿಗೆ ಕುತ್ತಿಗೆ ಮತ್ತು ಹೊಟ್ಟೆಯ ಸುತ್ತಳತೆ ಹಾಗೂ ಎತ್ತರ, ಹೆಂಗಸರಿಗೆ ಇವುಗಳ ಜೊತೆಗೆ ಸೊಂಟದ ಕೆಳಗಿನ ನಿತಂಬದ ಸುತ್ತಳತೆ. ಹೊಟ್ಟೆಯ ಸುತ್ತ ಕೊಬ್ಬು ಬೇಗ ಸೇರುತ್ತದೆ. ಕುತ್ತಿಗೆ ದಪ್ಪಗಿದ್ದರೆ ಅದು ಸಾಮಾನ್ಯವಾಗಿ ಸ್ನಾಯುವಿನ ಲಕ್ಷಣ. ಸೂತ್ರದ ಹಿಂದಿರುವ ವಿಚಾರ ಇಷ್ಟೇ.

ಲಾಗರಿದಂ ಪುಸ್ತಕ ಇರುವವರು ಇದನ್ನೂ ಮಾಡಿ ನೋಡಬಹುದು. ಎಲ್ಲ ಅಳತೆಗಳೂ ಅಂಗುಲದಲ್ಲಿರಲಿ. ಹೊಟ್ಟೆಯ ಸುತ್ತಳತೆಯಿಂದ ಕುತ್ತಿಗೆಯದನ್ನು ಕಳೆದು, ಬಂದ ಸಂಖ್ಯೆಯ ಲಾಗರಿದಮನ್ನು 86.01ರಿಂದ ಗುಣಿಸಿ. ಎತ್ತರದ ಲಾಗರಿದಮನ್ನು 70.041ರಿಂದ ಗುಣಿಸಿ, ಅದನ್ನು ಮೊದಲಿನದರಿಂದ ಕಳೆಯಿರಿ. ಕೊನೆಗೆ 36.76 ಕೂಡಿಸಿ. 67 ಅಂಗುಲ, ಅಂದರೆ ಸುಮಾರು 170 ಸೆ.ಮೀ. ಎತ್ತರದ ಹುಡುಗನ ಹೊಟ್ಟೆ 31, ಕುತ್ತಿಗೆ 15 ಅಂಗುಲವಿದ್ದರೆ ಉತ್ತರ ಶೇ. 12.4. ಅದೇ ಎತ್ತರದ ಇನ್ನೊಬ್ಬನ ಹೊಟ್ಟೆ 34, ಕುತ್ತಿಗೆ 14 ಇದ್ದರೆ ಶೇ. 20.8.

ಅಮೆರಿಕದ ಭೂಸೇನೆ ಹಲವು ವರ್ಷ ಬಳಸಿದ ಪಟ್ಟಿಯಲ್ಲಿ 17ರಿಂದ 20ರ ವಯಸ್ಸಿನ ಗಂಡುಮಕ್ಕಳಿಗೆ ಇದ್ದ ಮಿತಿ ಶೇ. 20, ಹೆಣ್ಣುಮಕ್ಕಳಿಗೆ ಶೇ. 30. ಮೇಲಿನ ಎರಡನೆಯ ಹುಡುಗ ಅಲ್ಲಿ ಸೋಲುತ್ತಾನೆ. ಆದರೆ ಟೇಪು ಹಿಡಿದವರ ಕೈ ಸ್ವಲ್ಪ ಬಿಗಿಯಾಗಿ, ಹೊಟ್ಟೆ 33 ಅಂಗುಲವೆಂದು ಬಂತೆನ್ನಿ, ಉತ್ತರ ಶೇ. 18.8ಕ್ಕೆ ಇಳಿದು ಅವನು ಗೆಲ್ಲುತ್ತಾನೆ! ಒಂದು ಅಂಗುಲದ ತಪ್ಪು ಎರಡು ಅಂಶದ ವ್ಯತ್ಯಾಸ ಮಾಡುತ್ತದೆ. ಸೂತ್ರವೇ ಮೂರು–ನಾಲ್ಕು ಅಂಶ ಆಚೀಚೆ ಆಗಬಹುದಾದ ಅಂದಾಜು. ಈ ಕಾರಣದಿಂದ ಅಲ್ಲಿ ಟೇಪಿನ ವಿಧಾನದ ಬಗ್ಗೆ ಚರ್ಚೆ ನಿಂತಿಲ್ಲ. 2023ರ ಜೂನ್‌ನಲ್ಲಿ ಅಮೆರಿಕದ ಭೂಸೇನೆ ಕುತ್ತಿಗೆಯ ಅಳತೆಯನ್ನು ಕೈಬಿಟ್ಟು, ಹೊಟ್ಟೆಯ ಸುತ್ತಳತೆ ಮತ್ತು ತೂಕವನ್ನಷ್ಟೇ ಬಳಸುವ ಹೊಸ ಲೆಕ್ಕಕ್ಕೆ ಬಂದಿತು. ಅಳತೆಯ ಕ್ರಮ ಬದಲಾದರೂ ಪ್ರಶ್ನೆ ಬದಲಾಗಿಲ್ಲ: ಈ ದೇಹ ಹೊರುತ್ತಿರುವ ಭಾರದಲ್ಲಿ ಕೆಲಸ ಮಾಡುವ ಭಾಗ ಎಷ್ಟು, ಸುಮ್ಮನೆ ಹೊರಿಸಿಕೊಂಡ ಭಾಗ ಎಷ್ಟು?

ಖಡಕ್‌ವಾಸ್ಲಾದ ಪಟ್ಟಿ

ನಮ್ಮ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಇರುವುದು ಪುಣೆಯ ಸಮೀಪದ ಖಡಕ್‌ವಾಸ್ಲಾದಲ್ಲಿ. 1955ರ ಜನವರಿಯಲ್ಲಿ ಉದ್ಘಾಟನೆಯಾದ ಈ ಸಂಸ್ಥೆಗೆ ಕರ್ನಾಟಕದ ಮಕ್ಕಳು ಹೋಗುವುದು ಹೊಸದೇನಲ್ಲ. ವಿಜಯಪುರ ಮತ್ತು ಕೊಡಗಿನ ಸೈನಿಕ ಶಾಲೆಗಳು, ಬೆಳಗಾವಿ ಹಾಗೂ ಬೆಂಗಳೂರಿನ ಮಿಲಿಟರಿ ಶಾಲೆಗಳು ಮಕ್ಕಳನ್ನು ಈ ದಾರಿಗೆ ಸಿದ್ಧಪಡಿಸುತ್ತವೆ. ಅಲ್ಲಿ ಓದುವವರಿಗೆ ಬೆಳಗಿನ ಓಟ ದಿನಚರಿಯ ಭಾಗ. ತೊಂದರೆ ಹೆಚ್ಚಾಗಿ ಬರುವುದು ಊರಿನ ಕಾಲೇಜಿನಲ್ಲಿ ಓದಿ, ಟ್ಯೂಷನ್ನಿನಿಂದ ಟ್ಯೂಷನ್ನಿಗೆ ಓಡಾಡುವ ಮಕ್ಕಳಿಗೆ.

ಇಲ್ಲಿ ಮೊದಲ ಜರಡಿ ಕೊಬ್ಬಿನ ಶೇಕಡಾವಾರು ಅಲ್ಲ, ಎತ್ತರ ಮತ್ತು ತೂಕ. ಇತ್ತೀಚಿನ ವರ್ಷಗಳ ಅಧಿಸೂಚನೆಯ ಪಟ್ಟಿಯನ್ನು ಗಮನಿಸಿದರೆ ಅದರ ಹಿಂದಿನ ಲೆಕ್ಕ ತಿಳಿಯುತ್ತದೆ. ತೂಕವನ್ನು ಕಿಲೋದಲ್ಲೂ ಎತ್ತರವನ್ನು ಮೀಟರಿನಲ್ಲೂ ಹಿಡಿದು, ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿದರೆ ಬರುವುದು ದೇಹ ತೂಕ ಸೂಚ್ಯಂಕ. 17ರಿಂದ 20 ವರ್ಷದ ಗಂಡುಮಕ್ಕಳಿಗೆ ಇದು 18ಕ್ಕಿಂತ ಕಡಿಮೆಯಾಗಬಾರದು, 22ನ್ನು ಮೀರಬಾರದು. 170 ಸೆ.ಮೀ. ಎತ್ತರಕ್ಕೆ ಇದು 52 ಕಿಲೋದಿಂದ 63.6 ಕಿಲೋ ಆಗುತ್ತದೆ. ಕೆಳಗಿನ ಮಿತಿಯನ್ನು ಮರೆಯಬಾರದು. ಎತ್ತರಕ್ಕೆ ಬೆಳೆದು ಮೈಗೆ ಹತ್ತದ ಹುಡುಗರು ಅಲ್ಲಿಯೂ ಸಿಕ್ಕಿಬೀಳಬಹುದು.

ಹಾಗಾದರೆ 1942ರ ಆಟಗಾರರಿಗಾದ ಅನ್ಯಾಯ ಇಲ್ಲಿಯೂ ಆಗುವುದಿಲ್ಲವೇ? ಅದಕ್ಕೊಂದು ಬಾಗಿಲು ಇಡಲಾಗಿದೆ. ರಾಷ್ಟ್ರಮಟ್ಟದಲ್ಲಿ ಕುಸ್ತಿ, ಬಾಕ್ಸಿಂಗ್ ಅಥವಾ ದೇಹದಾರ್ಢ್ಯದಲ್ಲಿ ಭಾಗವಹಿಸಿದ ದಾಖಲೆ ಇರುವವರಿಗೆ ಹೆಚ್ಚಿನ ತೂಕಕ್ಕೆ ವಿನಾಯಿತಿ ಉಂಟು. ಆದರೆ ಅವರ ಸೂಚ್ಯಂಕ 25ರ ಒಳಗಿರಬೇಕು. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆ.ಮೀ.ಗಿಂತ, ಹೆಂಗಸರಿಗೆ 80 ಸೆ.ಮೀ.ಗಿಂತ ಕಡಿಮೆ ಇರಬೇಕು. ಸೊಂಟ ಮತ್ತು ನಿತಂಬದ ಅಳತೆಗಳ ಅನುಪಾತ ಕ್ರಮವಾಗಿ 0.9 ಮತ್ತು 0.8ರ ಒಳಗಿರಬೇಕು. ರಕ್ತಪರೀಕ್ಷೆಯೂ ಸರಿಯಿರಬೇಕು. ಅಂದರೆ ತೂಕ ಮಿತಿ ಮೀರಿದಾಗ ಇಲ್ಲಿಯೂ ಟೇಪು ಹೊರಬರುತ್ತದೆ. ಭಾರ ಸ್ನಾಯುವಿನದೋ ಹೊಟ್ಟೆಯ ಕೊಬ್ಬಿನದೋ ಎಂದು ಕೇಳುತ್ತದೆ. ನಿಯಮಗಳು ಕಾಲಕಾಲಕ್ಕೆ ತಿದ್ದುಪಡಿಯಾಗುವುದರಿಂದ ಆಯಾ ವರ್ಷದ ಅಧಿಸೂಚನೆಯ ವೈದ್ಯಕೀಯ ಅನುಬಂಧವನ್ನು ಅರ್ಜಿ ತುಂಬುವ ದಿನವೇ ಓದಿಕೊಳ್ಳಬೇಕು. ಅನೇಕರು ಪಠ್ಯಕ್ರಮದ ಪುಟವನ್ನು ಮಾತ್ರ ಓದಿ ಉಳಿದದ್ದನ್ನು ಮಡಿಚಿಡುತ್ತಾರೆ.

ತೆಳ್ಳಗಿದ್ದ ಮಾತ್ರಕ್ಕೆ ಸಾಲದು

"ನಮ್ಮ ಹುಡುಗ ತೆಳ್ಳಗಿದ್ದಾನೆ, ಅವನಿಗೆ ಈ ಚಿಂತೆಯಿಲ್ಲ" ಎನ್ನುವ ಪಾಲಕರಿಗೂ ಒಂದು ಮಾತು. ಖಡಕ್‌ವಾಸ್ಲಾಕ್ಕೆ ಹತ್ತಿರದ ಪುಣೆಯಲ್ಲೇ ಮಧುಮೇಹದ ಸಂಶೋಧನೆ ನಡೆಸುತ್ತ ಬಂದ ಡಾ. ಚಿತ್ತರಂಜನ ಯಾಜ್ಞಿಕ ಅವರು, ಲಂಡನ್ನಿನ ವಿಜ್ಞಾನಿ ಜಾನ್ ಯುಡ್ಕಿನ್ ಅವರೊಡನೆ 2004ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಪುಟ್ಟ ಟಿಪ್ಪಣಿ ಪ್ರಕಟಿಸಿದರು. ಅದರಲ್ಲಿ ಇಬ್ಬರ ಭಾವಚಿತ್ರವೂ ಇತ್ತು. ಇಬ್ಬರ ದೇಹ ತೂಕ ಸೂಚ್ಯಂಕವೂ ಒಂದೇ, 22.3. ಆದರೆ ಯುಡ್ಕಿನ್ ಅವರ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕರ ಮೈಯಲ್ಲಿ ಶೇ. 21.2! ನೋಡಲು ತೆಳ್ಳಗಿದ್ದರೂ ಒಳಗೆ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ. ಭಾರತೀಯರಲ್ಲಿ ಇಂಥ ಮೈಕಟ್ಟು ಸಾಮಾನ್ಯವೆಂದು ಇವರ ಮತ್ತು ಇತರರ ಅಧ್ಯಯನಗಳು ತೋರಿಸಿವೆ.

ಮೇಲೆ ಟೇಪಿನಿಂದ ಅಳೆದ ಇಬ್ಬರು ಹುಡುಗರನ್ನು ಮತ್ತೆ ನೆನಪಿಸಿಕೊಳ್ಳಿ. ಇಬ್ಬರೂ 63 ಕಿಲೋ ತೂಗುತ್ತಾರೆ ಎಂದಿಟ್ಟುಕೊಂಡರೆ ಪಟ್ಟಿ ಇಬ್ಬರನ್ನೂ ಒಳಗೆ ಬಿಡುತ್ತದೆ. ಆದರೆ ಒಬ್ಬನ ಮೈಯಲ್ಲಿ ಸುಮಾರು 8 ಕಿಲೋ ಕೊಬ್ಬು, ಇನ್ನೊಬ್ಬನಲ್ಲಿ 13 ಕಿಲೋ. ಎರಡನೆಯವನು 5 ಲೀಟರಿನ ಎಣ್ಣೆ ಕ್ಯಾನನ್ನು ಕಟ್ಟಿಕೊಂಡು ಓಡಿದ ಹಾಗೆ. ಅಕಾಡೆಮಿಯ ಮೂರು ವರ್ಷಗಳ ಓಟ, ಕವಾಯತು, ಬೆನ್ನಿಗೆ ಹೊರೆ ಹೊತ್ತ ನಡಿಗೆಯಲ್ಲಿ ಈ ವ್ಯತ್ಯಾಸ ಮೊದಲ ವಾರವೇ ಗೊತ್ತಾಗುತ್ತದೆ. ಬಳಲಿಕೆ ಹೆಚ್ಚುತ್ತದೆ, ಕಾಲಿನ ಮೂಳೆಗಳಿಗೆ ಪೆಟ್ಟು ಬೀಳುತ್ತದೆ, ಬಿಸಿಲಿನಲ್ಲಿ ಮೈ ಬೇಗ ಕಾಯುತ್ತದೆ. ಸೇನೆ ಮಿತಿ ಹಾಕಿರುವುದು ಅಂದಚಂದಕ್ಕಲ್ಲ.

ಕೊನೆಯ ವಾರದ ಕಸರತ್ತು

ತಪಾಸಣೆಯಲ್ಲಿ ಅನರ್ಹರಾದವರಿಗೆ ಮೇಲ್ಮನವಿ ವೈದ್ಯಕೀಯ ಮಂಡಳಿಯ ಮುಂದೆ ಹೋಗುವ ಅವಕಾಶವಿದೆ. ಅದಕ್ಕೆ ಸಿಗುವ ಕಾಲ ಸುಮಾರು ಆರು ವಾರ. ಅಪಾಯ ಶುರುವಾಗುವುದು ಇಲ್ಲಿಯೇ. ಊಟ ಬಿಡುವುದು, ನೀರು ಬಿಡುವುದು, ಮೈಗೆ ಪ್ಲಾಸ್ಟಿಕ್ ಸುತ್ತಿಕೊಂಡು ಬಿಸಿಲಲ್ಲಿ ಓಡುವುದು, ಭೇದಿ ಮಾತ್ರೆ ನುಂಗುವುದು, ಮೂತ್ರ ಹೆಚ್ಚಿಸುವ ಔಷಧಿಯನ್ನು ಅಂಗಡಿಯಿಂದ ತಂದು ತಿನ್ನುವುದು ಇತ್ಯಾದಿ.

ಇವುಗಳಿಂದ ತೂಕ ಇಳಿಯುವುದು ನಿಜ. ಒಂದು ಲೀಟರು ಬೆವರು ಹೋದರೆ ಒಂದು ಕಿಲೋ ಇಳಿಯುತ್ತದೆ. ಆದರೆ ಹೋದದ್ದು ನೀರು, ಕೊಬ್ಬಲ್ಲ. ಎರಡು ಚೊಂಬು ನೀರು ಕುಡಿದರೆ ಅದು ವಾಪಸು ಬರುತ್ತದೆ. ಕೊಬ್ಬು ಬೆವರಾಗಿ ಹೋಗುವುದಿಲ್ಲ. ಅದು ಆಮ್ಲಜನಕದೊಡನೆ ಸೇರಿ ಉರಿದು, ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗುತ್ತದೆ. 2014ರಲ್ಲಿ ಆಸ್ಟ್ರೇಲಿಯದ ಇಬ್ಬರು ಸಂಶೋಧಕರು ಇದರ ಲೆಕ್ಕ ಹಾಕಿ ತೋರಿಸಿದರು. 10 ಕಿಲೋ ಕೊಬ್ಬು ಕರಗಿದರೆ ಅದರಲ್ಲಿ 8.4 ಕಿಲೋ ಮೂಗಿನಿಂದ ಇಂಗಾಲದ ಡೈಆಕ್ಸೈಡ್ ಆಗಿಯೂ, 1.6 ಕಿಲೋ ಮಾತ್ರ ನೀರಾಗಿಯೂ ಹೊರಹೋಗುತ್ತದೆ. ಕೊಬ್ಬು ಮೈಬಿಟ್ಟು ಹೋಗುವ ಹೆದ್ದಾರಿ ನಮ್ಮ ಉಸಿರು! ಹೊಟ್ಟೆಗೆ ಬೆಲ್ಟು ಬಿಗಿದರೆ ಹೊಟ್ಟೆ ಕರಗುತ್ತದೆ ಎಂಬುದಕ್ಕೂ, ಬರೀ ಹೊಟ್ಟೆಯ ವ್ಯಾಯಾಮ ಮಾಡಿದರೆ ಹೊಟ್ಟೆಯ ಕೊಬ್ಬು ಮಾತ್ರ ಹೋಗುತ್ತದೆ ಎಂಬುದಕ್ಕೂ ಆಧಾರವಿಲ್ಲ.

ನೀರು ಬಿಟ್ಟು ತೂಕ ಇಳಿಸುವುದು ಎಷ್ಟು ಘೋರವಾಗಬಲ್ಲದು ಎಂಬುದಕ್ಕೆ 1997ರ ನವೆಂಬರ್–ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ನಡೆದ ದುರಂತಗಳೇ ಸಾಕ್ಷಿ. ಸುಮಾರು ಒಂದು ತಿಂಗಳ ಅವಧಿಯಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ಬೇರೆ ಬೇರೆ ಊರುಗಳಲ್ಲಿ ಸತ್ತರು. ಮೂವರೂ ಪಂದ್ಯದ ತೂಕಕ್ಕೆ ಇಳಿಯಲು ನೀರು ಕುಡಿಯುವುದನ್ನು ತಗ್ಗಿಸಿ, ಗಾಳಿಯಾಡದ ಉಡುಪು ತೊಟ್ಟು ಬಿಸಿಯಾದ ಜಾಗದಲ್ಲಿ ವ್ಯಾಯಾಮ ಮಾಡುತ್ತಿದ್ದರು. ಆ ಮೇಲೆ ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆ ಅಂಥ ಉಡುಪನ್ನೂ ಉಗಿಕೋಣೆಯನ್ನೂ ನಿಷೇಧಿಸಿತು. ಪ್ರತಿ ಕುಸ್ತಿಪಟುವಿನ ಕೊಬ್ಬನ್ನು ಅಳೆದು, ಅವನು ಇಳಿಯಬಹುದಾದ ಕನಿಷ್ಠ ತೂಕವನ್ನು ಮೊದಲೇ ಗೊತ್ತುಪಡಿಸುವ ಕ್ರಮವನ್ನೂ ತಂದಿತು. ಕೊಬ್ಬಿನ ಅಳತೆ ಹುಡುಗರನ್ನು ಹೊರಗಿಡುವುದಕ್ಕೆ ಮಾತ್ರವಲ್ಲ, ಅವರ ಜೀವ ಉಳಿಸುವುದಕ್ಕೂ ಬಳಕೆಗೆ ಬಂತು.

ಆರು ವಾರವೋ, ಆರು ತಿಂಗಳೋ?

ಈಗ ಮೊದಲಿನ ಹುಡುಗನ 4.4 ಕಿಲೋಗೆ ಬರೋಣ. ಒಂದು ಕಿಲೋ ದೇಹದ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಶಕ್ತಿ ಅಡಗಿದೆ. 4.4 ಕಿಲೋಗೆ ಸುಮಾರು 33,900 ಕ್ಯಾಲೊರಿ. ಇಷ್ಟನ್ನು 42 ದಿನಗಳಲ್ಲಿ ಕರಗಿಸಬೇಕಾದರೆ ದಿನಕ್ಕೆ 807 ಕ್ಯಾಲೊರಿ ಕೊರತೆಯಾಗಬೇಕು. ಒಂದು ಕಿ.ಮೀ. ಓಡಿದರೆ ಕಿಲೋ ತೂಕಕ್ಕೆ ಸುಮಾರು ಒಂದು ಕ್ಯಾಲೊರಿ ಖರ್ಚು. ಅಂದರೆ 68 ಕಿಲೋದ ಹುಡುಗ ಊಟವನ್ನು ಒಂದಿಷ್ಟೂ ಹೆಚ್ಚಿಸದೆ ದಿನವೂ ಸುಮಾರು 12 ಕಿ.ಮೀ. ಓಡಬೇಕು. ಅಭ್ಯಾಸವಿಲ್ಲದ ಕಾಲುಗಳಿಗೆ ಇದು ಆಗದ ಮಾತು. ಬಲವಂತ ಮಾಡಿದರೆ ಮೊಣಕಾಲೋ ಕಣಕಾಲೋ ಕೈಕೊಟ್ಟು ಇನ್ನೊಂದು ಕಾರಣಕ್ಕೆ ಅನರ್ಹನಾದಾನು.

ಅದೇ ಕೆಲಸವನ್ನು 180 ದಿನಗಳಿಗೆ ಹಂಚಿದರೆ? ದಿನಕ್ಕೆ 188 ಕ್ಯಾಲೊರಿ. ಸಂಜೆ 3 ಕಿ.ಮೀ. ಓಡಿದರೆ ಮುಗಿಯಿತು. ಅಥವಾ ಒಂದೂವರೆ ಕಿ.ಮೀ. ಓಟ, ಜೊತೆಗೆ ಒಂದು ದೊಡ್ಡ ಚಮಚ ಎಣ್ಣೆಯಷ್ಟು ಕರಿದ ತಿಂಡಿ ಕಡಿಮೆ. ಒಂದು ಗ್ರಾಂ ಎಣ್ಣೆಯಲ್ಲಿ 9 ಕ್ಯಾಲೊರಿ, ಒಂದು ಗ್ರಾಂ ಸಕ್ಕರೆಯಲ್ಲಿ 4 ಕ್ಯಾಲೊರಿ ಇವೆ ಎಂಬುದನ್ನು ನೆನಪಿಟ್ಟುಕೊಂಡರೆ ಬೇಕರಿಯ ಪಫ್, ಬಾಟಲಿಯ ಸಿಹಿ ಪಾನೀಯ, ಸಂಜೆಯ ಬೋಂಡ ಇವುಗಳ ಲೆಕ್ಕವನ್ನು ಮಕ್ಕಳೇ ಹಾಕಬಲ್ಲರು. ದೇಹ ಕೂಡು–ಕಳೆ ಲೆಕ್ಕದಂತೆ ಚಾಚೂ ತಪ್ಪದೆ ನಡೆಯುವುದಿಲ್ಲ ನಿಜ. ತೂಕ ಇಳಿಯುತ್ತ ಬಂದಂತೆ ಖರ್ಚೂ ಸ್ವಲ್ಪ ತಗ್ಗುತ್ತದೆ. ಆದರೂ ದಾರಿ ಯಾವುದು ಎಂಬುದನ್ನು ಈ ಲೆಕ್ಕ ಸರಿಯಾಗಿಯೇ ತೋರಿಸುತ್ತದೆ.

ಪಾಲಕರು ಮಾಡಬೇಕಾದದ್ದು ಹುಡುಗನ ತಟ್ಟೆ ಕಸಿದುಕೊಳ್ಳುವುದಲ್ಲ. ಹದಿನಾರು–ಹದಿನೇಳು ಬೆಳೆಯುವ ವಯಸ್ಸು. ಉಪವಾಸ ಹಾಕಿದರೆ ಕೊಬ್ಬಿನ ಜೊತೆಗೆ ಸ್ನಾಯುವೂ ಕರಗುತ್ತದೆ. ಮುದ್ದೆ, ರೊಟ್ಟಿ, ಅನ್ನ ಯಾವುದೂ ಶತ್ರುವಲ್ಲ, ಪ್ರಮಾಣ ಮುಖ್ಯ. ಅದರ ಪಕ್ಕದಲ್ಲಿ ಬೇಳೆ, ಹೆಸರುಕಾಳು, ಕಡಲೆ, ಸೊಪ್ಪು, ಮಜ್ಜಿಗೆ, ತಿನ್ನುವವರಾದರೆ ಮೊಟ್ಟೆ ಇರಲಿ. ಬೆಳಗಿನ ತಿಂಡಿ ತಪ್ಪದಿರಲಿ. ರಾತ್ರಿ ಒಂದು ಗಂಟೆಯವರೆಗೆ ಓದಿಸಿ ಮುಂಜಾನೆ ಐದಕ್ಕೆ ಎಬ್ಬಿಸುವ ಪದ್ಧತಿ ಬೇಡ. ನಿದ್ದೆಗೆಟ್ಟವನಿಗೆ ಹಸಿವೂ ಹೆಚ್ಚು. ತೂಕವನ್ನು ವಾರಕ್ಕೊಮ್ಮೆ, ಒಂದೇ ಹೊತ್ತಿನಲ್ಲಿ ನೋಡಿದರೆ ಸಾಕು. ಜೊತೆಗೆ ಹೊಕ್ಕುಳ ಮಟ್ಟದಲ್ಲಿ ಟೇಪು ಹಿಡಿದು ಸುತ್ತಳತೆಯನ್ನೂ ಬರೆದಿಡಿ. ಸ್ನಾಯು ಬೆಳೆಯುವಾಗ ತೂಕ ನಿಂತಲ್ಲೇ ನಿಂತು ಸುತ್ತಳತೆ ಇಳಿಯುವುದುಂಟು. ಆಗ ಹುಡುಗ ನಿರಾಶನಾಗಬಾರದು. ಊಟ, ಓಟ ಎರಡೂ ಸರಿಯಿದ್ದು ತೂಕ ಏರುತ್ತಲೇ ಇದ್ದರೆ ವೈದ್ಯರನ್ನು ಕಾಣಬೇಕು. ಥೈರಾಯ್ಡಿನಂಥ ಕಾರಣಗಳೂ ಇರಬಹುದು.

ಅಧಿಸೂಚನೆಯಲ್ಲೇ ಅಭ್ಯರ್ಥಿಗಳಿಗೆ ಒಂದು ಸಲಹೆ ಅಚ್ಚಾಗುತ್ತ ಬಂದಿದೆ: 2.4 ಕಿ.ಮೀ. ಓಟ 15 ನಿಮಿಷದಲ್ಲಿ, ಹಗ್ಗದಾಟ, ಕನಿಷ್ಠ 20 ದಂಡ, 20 ಬೈಠಕ್ಕಿನಂಥ ಹೊಟ್ಟೆಯ ವ್ಯಾಯಾಮ, 8 ಬಾರಿ ಸರಳಿಗೆ ಜೋತು ಮೈಯೆತ್ತುವುದು, 3ರಿಂದ 4 ಮೀಟರು ಹಗ್ಗ ಹತ್ತುವುದು. ಪ್ರಥಮ ಪಿಯುಸಿಯಲ್ಲೇ ಇದನ್ನು ಗುರಿಯಾಗಿ ಇಟ್ಟುಕೊಂಡವನಿಗೆ ತೂಕದ ಪಟ್ಟಿ ಭಯ ಹುಟ್ಟಿಸುವುದಿಲ್ಲ. ಕಾಲೇಜಿನ ಮೈದಾನವೋ ಊರ ಕೆರೆ ಏರಿಯೋ ಸಾಕು, ಹಣ ಬೇಕಿಲ್ಲ.

ಹೆಣ್ಣುಮಕ್ಕಳಿಗೆ ಬೇರೆ ಅಳತೆ ಏಕೆ?

2021ರಲ್ಲಿ ಸುಪ್ರೀಂ ಕೋರ್ಟಿನ ಆದೇಶದ ಮೂಲಕ ಅಕಾಡೆಮಿಯ ಬಾಗಿಲು ಹೆಣ್ಣುಮಕ್ಕಳಿಗೆ ತೆರೆಯಿತು. 2022ರಲ್ಲಿ ಸೇರಿದ ಮೊದಲ ತಂಡದ 17 ಯುವತಿಯರು 2025ರ ಮೇ ತಿಂಗಳಲ್ಲಿ ತರಬೇತಿ ಮುಗಿಸಿ ಹೊರಬಂದರು. ಕಿತ್ತೂರಿನ ಬಾಲಕಿಯರ ಸೈನಿಕ ಶಾಲೆಯಿರುವ ನಮ್ಮ ನಾಡಿನಲ್ಲಿ ಈ ಸುದ್ದಿಗೆ ವಿಶೇಷ ಅರ್ಥವಿದೆ.

ಹೆಣ್ಣುಮಕ್ಕಳ ದೇಹದಲ್ಲಿ ಕೊಬ್ಬು ಸಹಜವಾಗಿಯೇ ಹೆಚ್ಚು. ಜೀವಕ್ಕೆ ಬೇಕೇಬೇಕಾದ ಕೊಬ್ಬು ಗಂಡಸರಿಗೆ ಸುಮಾರು ಶೇ. 3 ಆದರೆ ಹೆಂಗಸರಿಗೆ ಸುಮಾರು ಶೇ. 12 ಎಂದು ಬೆನ್ಕಿ ಅವರೇ ಅಂದಾಜು ಮಾಡಿದ್ದರು. ಅಣ್ಣನೊಂದಿಗೆ ಹೋಲಿಸಿ ತಂಗಿಯನ್ನು ದಪ್ಪ ಎನ್ನುವುದು ವಿಜ್ಞಾನವೂ ಅಲ್ಲ, ವಿವೇಕವೂ ಅಲ್ಲ. ಊಟ ತೀರ ಕಡಿಮೆ ಮಾಡಿ ಕಠಿಣ ವ್ಯಾಯಾಮ ಮಾಡುವ ಹುಡುಗಿಯರಲ್ಲಿ ಮುಟ್ಟು ನಿಲ್ಲಬಹುದು, ಮೂಳೆ ತೆಳುವಾಗಿ ಬಿರುಕು ಬಿಡಬಹುದು. ಮೂರು ತಿಂಗಳು ಮುಟ್ಟಾಗದಿದ್ದರೆ ಸಂಕೋಚ ಬಿಟ್ಟು ತಾಯಿಗೆ ಹೇಳಬೇಕು. ತಾಯಿ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಯಂತ್ರ ಹೇಳದಿರುವ ಮಾತು

ತೂಕದ ಕಾರಣಕ್ಕೆ ವಾಪಸು ಬಂದ ಹುಡುಗ ಮನೆಯ ಮೂಲೆಯಲ್ಲಿ ಮುಖ ಮುಚ್ಚಿಕೊಂಡು ಕೂರುತ್ತಾನೆ. ನೆಂಟರು "ತಿಂದು ತಿಂದು ಕೆಡಿಸಿಕೊಂಡ" ಎನ್ನುತ್ತಾರೆ. ಆ ಮಾತು ನುಂಗಲಾರದೆ ಕೆಲವು ಮಕ್ಕಳು ಊಟವನ್ನೇ ದ್ವೇಷಿಸತೊಡಗುತ್ತಾರೆ. ಪಾಲಕರು ಗಟ್ಟಿಯಾಗಿ ಹೇಳಬೇಕಾದ ಮಾತು ಒಂದೇ. ಯಂತ್ರ ತೂಗಿದ್ದು ಮೈಯನ್ನು. ಐದು ದಿನ ಮಂಡಳಿಯವರು ಅವನ ಧೈರ್ಯ, ಬುದ್ಧಿ, ಮುಂದಾಳುತನವನ್ನು ನೋಡಿ ಬೇಕೆಂದಿದ್ದಾರೆ. ಪರೀಕ್ಷೆ ವರ್ಷಕ್ಕೆ ಎರಡು ಬಾರಿ ನಡೆಯುತ್ತದೆ. ವಯಸ್ಸಿನ ಮಿತಿಯೊಳಗಿದ್ದರೆ ಮತ್ತೆ ಬರೆಯಬಹುದು. ಅದು ಮುಗಿದಿದ್ದರೆ ಪದವಿಯ ನಂತರ ಸೇನೆಗೆ ಸೇರುವ ಬೇರೆ ಪರೀಕ್ಷೆಗಳಿವೆ.

ಯುದ್ಧಕಾಲೇ ಶಸ್ತ್ರಾಭ್ಯಾಸ ಎಂಬ ಗಾದೆಯನ್ನು ನಮ್ಮಲ್ಲಿ ಎಲ್ಲದಕ್ಕೂ ಬಳಸುತ್ತೇವೆ. ಸೇನೆಗೆ ಸೇರಬೇಕೆನ್ನುವವನಿಗೆ ಅದು ಅಕ್ಷರಶಃ ಅನ್ವಯಿಸುತ್ತದೆ. 42 ದಿನಗಳ 807ಕ್ಕೂ 180 ದಿನಗಳ 188ಕ್ಕೂ ನಡುವೆ ಇರುವುದು ಬರೀ ಭಾಗಾಕಾರದ ವ್ಯತ್ಯಾಸ. ಆ ಭಾಗಾಕಾರವನ್ನು ಮನೆಯಲ್ಲಿ ಕುಳಿತು ಇಂದೇ ಮಾಡಿಕೊಂಡರೆ, ನಾಳೆ ಸಂಜೆ ಹುಡುಗ ಮೂರು ಕಿಲೋಮೀಟರು ಓಡಲು ಹೊರಡಬಹುದು.